ಒಂಬತ್ತರ ತಾಳೆ

ಕಾಲೇಜು ಅಂದರೆ ನನಗೆ ಇವತ್ತಿಗೂ ಕಣ್ಮುಂದೆ ಬರುವುದು ಮೇಲ್ಮಹಡಿಯ ಕೊನೆಯ ಕೊಠಡಿ. ಶನಿವಾರ ತರಗತಿ ಮುಗಿದು ಎಲ್ಲರೂ ಬಸ್ಸಿಗೆ ಓಡಿದ ಮೇಲೂ ನಮ್ಮ ಗಣಿತದ ಮೇಷ್ಟ್ರು ಅಲ್ಲಿ ಹಲಗೆಯ ಮುಂದೆ ನಿಂತಿರುತ್ತಿದ್ದರು. 1992ರಲ್ಲಿ, ಬಿ.ಎಸ್ಸಿ. ಎರಡನೇ ವರ್ಷದಲ್ಲಿ, ನಾವು ನಾಲ್ಕೈದು ಜನ ಹಾಗೆ ಉಳಿದುಕೊಳ್ಳುತ್ತಿದ್ದೆವು.

ಮೊದಲ ದಿನ ಅವರು ಕೇಳಿದ್ದು ಇಷ್ಟೇ: “ಇವತ್ತು ಶನಿವಾರ. ನೂರು ದಿನ ಆದ್ಮೇಲೆ ಯಾವ ವಾರ?” ನಾವು ಬೆರಳೆಣಿಸತೊಡಗಿದೆವು. “ಏಳರ ಮಗ್ಗಿಯಲ್ಲಿ ಹೋಗೋದನ್ನೆಲ್ಲ ಬಿಟ್ಬಿಡಿ. ತೊಂಬತ್ತೆಂಟು ಹೋಯ್ತು, ಎರಡು ಉಳೀತು. ಸೋಮವಾರ. ಉಳಿದದ್ದನ್ನ ಮಾತ್ರ ಹಿಡ್ಕೊಳ್ಳಿ.”

ಆಮೇಲೆ ಫರ್ಮಾ ಸಂಖ್ಯೆಗಳಿಗೆ ಬಂದರು. ಎರಡರಿಂದ ಹೊರಟು ವರ್ಗ ಮಾಡುತ್ತಾ ಹೋಗಿ, ಪ್ರತಿ ಸಲ ಒಂದು ಕೂಡಿಸಿದರೆ 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಎಂದು ಫರ್ಮಾ ನಂಬಿದ್ದ. ಮುಂದಿನದು 2³² + 1. ಅದನ್ನು 641 ಭಾಗಿಸುತ್ತದೆ ಎಂದು 1732ರಲ್ಲಿ ಆಯ್ಲರ್ ತೋರಿಸಿದ. ಮೇಷ್ಟ್ರು ಆ ಹತ್ತಂಕಿಯ ಸಂಖ್ಯೆಯನ್ನು ಹಲಗೆಯ ಮೇಲೆ ಬರೆಯಲೇ ಇಲ್ಲ. 2¹⁶ ಅಂದರೆ 65536, ಅದನ್ನು 641ರಿಂದ ಭಾಗಿಸಿದರೆ ಶೇಷ 154. ಅದರ ವರ್ಗ 23716. ಪಕ್ಕದಲ್ಲಿ 641 × 37 ಎಂದು ಬರೆದು ಗುಣಿಸಿದರು: 23717. ಒಂದೇ ಒಂದು ಕಡಿಮೆ. ಅಂದರೆ 2³²ರ ಶೇಷ −1, ಒಂದು ಕೂಡಿಸಿದರೆ ಸೊನ್ನೆ. ಸೀಮೆಸುಣ್ಣ ಕೆಳಗಿಟ್ಟು ನಮ್ಮ ಕಡೆ ತಿರುಗಿದರು. ನನಗೆ ಮೈ ಜುಮ್ಮೆಂದಿತ್ತು.

ಭಾಜಕ ಸಿಗದಿದ್ದರೆ? ಅದಕ್ಕೆ 1877ರಲ್ಲಿ ಪೆಪಿನ್ ಕೊಟ್ಟ ಪರೀಕ್ಷೆ ಇದೆ. ಮೂರರಿಂದ ಹೊರಟು ವರ್ಗ ಮಾಡುತ್ತಾ, ಪ್ರತಿ ಸಲ ಶೇಷವನ್ನಷ್ಟೇ ಇಟ್ಟುಕೊಂಡು ಹೋಗಬೇಕು. 257ಕ್ಕೆ ಏಳು ವರ್ಗ, 65537ಕ್ಕೆ ಹದಿನೈದು. ಕೊನೆಗೆ −1 ಬಂದರೆ ಅವಿಭಾಜ್ಯ, ಬೇರೇನು ಬಂದರೂ ಅಲ್ಲ. ಇಲ್ಲಿ ಭಾಗಾಕಾರವೂ ಬೇಕಿಲ್ಲ. 257ರ ಲೆಕ್ಕದಲ್ಲಿ 256 ಅಂದರೆ −1. ಹಾಗಾಗಿ 6561 ಬಂದಾಗ ಅದನ್ನು 25 × 256 + 161 ಎಂದು ಒಡೆದು, 161ರಿಂದ 25 ಕಳೆದರೆ ಮುಗಿಯಿತು, 136. ಮುಂದಕ್ಕೆ −8, 64, −16, ಕೊನೆಗೆ −1.

65537 ನನ್ನ ಪಾಲಿಗೆ ಬಂತು. ರಾತ್ರಿ ಕರೆಂಟು ಹೋಗಿತ್ತು, ಮೇಣದಬತ್ತಿ ಹಚ್ಚಿಕೊಂಡು ಹದಿನೈದೂ ವರ್ಗ ಮಾಡಿ ಮುಗಿಸಿದೆ. ಕೊನೆಯಲ್ಲಿ −1 ಬರಲಿಲ್ಲ. ಮರುದಿನ ಭಾನುವಾರ. ಸೋಮವಾರದವರೆಗೆ ಕಾಯಲಾಗದೆ ಅವರ ಮನೆಗೇ ಹೋದೆ.

ಅವರು ಜಗಲಿಯಲ್ಲಿ ಕೂತು ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೊಂದೇ ಅಂಕಿ ಬರೆಯುತ್ತಾ ಬಂದರು. ಇದೇ ಒಂಬತ್ತರ ತಾಳೆ: ಒಂದೇ ಅಂಕಿ ಉಳಿಯುವವರೆಗೆ ಅಂಕಿಗಳನ್ನು ಕೂಡಿಸಿ, ಅದರ ವರ್ಗ ಉತ್ತರದ ಅಂಕಿಗೆ ಹೊಂದುತ್ತದೆಯೇ ಎಂದು ನೋಡುವುದು. ಏಳನೆಯ ವರ್ಗದ ಹತ್ತಿರ ಕೈ ನಿಂತಿತು. 19139ರ ಅಂಕಿಗಳನ್ನು ಕೂಡಿಸಿದರೆ 23, ಮತ್ತೆ ಕೂಡಿಸಿದರೆ 5. ಐದರ ವರ್ಗ 25, ಅಂದರೆ 7. ನಾನು ಬರೆದಿದ್ದ ಉತ್ತರ 366300321. ಅದನ್ನು ಕೂಡಿಸಿದರೆ 24, ಅಂದರೆ 6. ಕೈಯಲ್ಲಿದ್ದ ಒಂದನ್ನು ಕೂಡಿಸಲು ಮರೆತಿದ್ದೆ. ಸರಿಯಾದದ್ದು 366301321.

“ನೋಡಮ್ಮ,” ಅಂದರು. “ಭಾಜಕ ಸಿಕ್ಕಿದ್ರೆ ಯಾರು ಬೇಕಾದ್ರೂ ಗುಣಿಸಿ ನೋಡಬಹುದು. ಇಲ್ಲಿ ತೋರಿಸೋಕೆ ನಿನ್ನ ಹತ್ರ ಇರೋದು ಒಂದು ಶೇಷ. ಅದನ್ನ ಬೇರೆಯವರು ಯಾಕೆ ನಂಬಬೇಕು?”

ಮೋರ್‌ಹೆಡ್ ಮತ್ತು ವೆಸ್ಟರ್ನ್ ಅವರ ಕಥೆ ನಾನು ಕೇಳಿದ್ದು ಅದೇ ಜಗಲಿಯಲ್ಲಿ. ಫರ್ಮಾ ಸಂಖ್ಯೆಗಳನ್ನು 3 ಎಫ್-0, 5 ಎಫ್-1 ಎಂದು ಎಣಿಸುತ್ತಾ ಹೋದರೆ ಎಫ್-7 ಅಂದರೆ 2¹²⁸ + 1, ಮೂವತ್ತೊಂಬತ್ತು ಅಂಕಿಯ ಸಂಖ್ಯೆ. ಅದಕ್ಕೆ 127 ವರ್ಗ ಬೇಕು. 1905ರಲ್ಲಿ ಅವರಿಬ್ಬರೂ ಬೇರೆ ಬೇರೆಯಾಗಿ ಕೈಯಲ್ಲೇ ಈ ಲೆಕ್ಕ ಮಾಡಿ, ಅದು ಅವಿಭಾಜ್ಯವಲ್ಲ ಎಂದು ಕಂಡುಕೊಂಡರು. 1909ರಲ್ಲಿ ಇಬ್ಬರೂ ಸೇರಿ ಎಪ್ಪತ್ತೆಂಟು ಅಂಕಿಯ ಎಫ್-8 ಮುಗಿಸಿದರು. ಎಫ್-7ರ ಭಾಜಕ ಸಿಕ್ಕಿದ್ದು 1970ರಲ್ಲಿ. ಅಲ್ಲಿಯವರೆಗೆ ಅರವತ್ತೈದು ವರ್ಷ ಜಗತ್ತು ಹಿಡಿದುಕೊಂಡಿದ್ದು ಆ ಶೇಷವನ್ನೇ.

ಆ ರಾತ್ರಿ ಮತ್ತೆ ಕೂತೆ. ಈ ಸಲ ಪ್ರತಿ ಸಾಲಿಗೂ ಒಂಬತ್ತರ ತಾಳೆ ನೋಡುತ್ತಾ ಹೋದೆ. 15028, 282, 13987, 8224. ಯಾವುದಕ್ಕೂ ಒಂದು ರೂಪವಿಲ್ಲ. ಹನ್ನೊಂದನೆಯ ವರ್ಗದಲ್ಲಿ, 8224ರ ಮುಂದೆ, ಇದ್ದಕ್ಕಿದ್ದಂತೆ −8 ಬಂತು. 257ರ ಲೆಕ್ಕದಲ್ಲಿ ಕಂಡಿದ್ದ ಅದೇ −8. ಅಲ್ಲಿಂದ 64, 4096, −256, −1. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮನನ್ನು ಎಬ್ಬಿಸಿ ಹೇಳಿದ್ದೆ.

ಓದು ಮುಗಿಸಿ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಕೆಲಸ ಹಿಡಿದೆ. 1999ರಲ್ಲಿ ಎಫ್-24 ಅವಿಭಾಜ್ಯವಲ್ಲ ಎಂದು ಮೇಯರ್, ಪಾಪಡೋಪೋಲಸ್, ಕ್ರ್ಯಾಂಡಲ್ ಲೆಕ್ಕ ಹಾಕಿದ ಸುದ್ದಿ ತಿಳಿದು ಮೇಷ್ಟ್ರಿಗೆ ಕಾಗದ ಬರೆದೆ. ಐವತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳ ಸಂಖ್ಯೆ, 1,67,77,215 ವರ್ಗಗಳು, ಇವತ್ತಿಗೂ ಅದರ ಒಂದು ಭಾಜಕವೂ ಸಿಕ್ಕಿಲ್ಲ. ಅವರಿಂದ ಒಂದು ಪೋಸ್ಟ್ ಕಾರ್ಡ್ ಬಂತು. ಕುಶಲ ಕೇಳಿ, ಕೆಳಗೆ ಒಂದೇ ಸಾಲು: “ತಾಳೆ ಹೇಗೆ ನೋಡಿದರು?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎಫ್-24ರ ಲೆಕ್ಕ ಮಾಡಿದ ಆ ಮೂವರ ಪ್ರಬಂಧ 2003ರಲ್ಲಿ ಅಚ್ಚಾಯಿತು. ಅದರ ಪ್ರತಿ ಹಿಡಿದುಕೊಂಡು ಊರಿಗೆ ಹೋದೆ. ಮೇಷ್ಟ್ರು ನಿವೃತ್ತರಾಗಿದ್ದರು, ದಪ್ಪ ಕನ್ನಡಕ ಬಂದಿತ್ತು. ಅದೇ ಜಗಲಿಯಲ್ಲಿ ಕೂತು ಓದಿ ಹೇಳಿದೆ. ಬೇರೆ ಬೇರೆ ಜಾಗದ ಎರಡು ಯಂತ್ರಗಳಲ್ಲಿ, ಬೇರೆ ಬೇರೆಯವರು ಬರೆದ ಪ್ರೋಗ್ರಾಮುಗಳು ಏಕಕಾಲಕ್ಕೆ ಓಡಿ ಕೊನೆಗೆ ಒಂದೇ ಶೇಷ ಕೊಟ್ಟವು. ಆದರೆ ಎರಡೂ ಗುಣಿಸಿದ್ದು ದಶಮಾಂಶಗಳಲ್ಲಿ, ಕೊನೆಗೆ ಹತ್ತಿರದ ಪೂರ್ಣಾಂಕಕ್ಕೆ ತರುವ ರೀತಿಯಲ್ಲಿ. ಅದಕ್ಕೇ ದಾರಿಯುದ್ದಕ್ಕೂ ಆಗಾಗ ಉಳಿಸಿಟ್ಟಿದ್ದ ಶೇಷಗಳನ್ನು ಇನ್ನೂ ಹಲವು ಯಂತ್ರಗಳಿಗೆ ಹಂಚಿ, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಮುಂದಕ್ಕೆ ಎಂದು ತುಂಡು ತುಂಡಾಗಿ, ಬರೀ ಪೂರ್ಣಾಂಕಗಳಲ್ಲಿ ಮತ್ತೆ ಲೆಕ್ಕ ಹಾಕಿಸಿದರು. ಕೊನೆಯ ಶೇಷವನ್ನು ಮುಂದಿನವರಿಗೆಂದು ಜೋಪಾನವಾಗಿಯೂ ಇಟ್ಟರು.

ಮೇಷ್ಟ್ರು ಆ ತುಂಡು ತುಂಡಿನ ಭಾಗವನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಕೈ ಚಾಚಿ ಹಾಳೆಗಳನ್ನು ತೆಗೆದುಕೊಂಡು, “ಇದು ಇಲ್ಲೇ ಇರಲಿ,” ಅಂದರು.