ವೈನ್ ಕಪಾಟು, ಮೂರನೇ ಕಂತು: ಗಾಳಿಯ ತಂಟೆಯೋ, ಸೆಕೆಯ ತಂಟೆಯೋ

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಡಿಕ್ಯಾಂಟರಿಗೆ, ಅಂದರೆ ಕುಡಿಯುವ ಮುಂಚೆ ವೈನ್ ಬಗ್ಗಿಸಿಡುವ ಅಗಲ ತಳದ ಗಾಜಿನ ಹೂಜಿಗೆ, ಸುರಿದ ಕೆಂಪು ವೈನ್ ಒಂದು ಗಂಟೆಯೊಳಗೆ ಸಪ್ಪೆಯಾಗಿ, ಮೂಗಿಗೆ ಬರೀ ಸ್ಪಿರಿಟ್ ಹೊಡೆಯುತ್ತಿತ್ತಲ್ಲ, ಆ ಕಾಯಿಲೆಯ ಮೂಲ ಗೊತ್ತಾಯಿತು. ಗಾಳಿ ನಿರಪರಾಧಿ, ಕಳ್ಳ ಸೆಕೆ. ಈ ಕಂತಿನ ಬಹುಪಾಲು ಅದಕ್ಕೇ ಮೀಸಲು.

ಮೊದಲು ವೈನನ್ನು ತಂಪಾಗಿಡುವ ಕಪಾಟಿನ ಸುದ್ದಿ, ಚುಟುಕಾಗಿ. ಹಳೇ 165 ಲೀಟರಿನ ಒಂಟಿ ಬಾಗಿಲ ಫ್ರಿಜ್, ಅದರ ಪ್ಲಗ್ಗಿಗೂ ಗೋಡೆಗೂ ನಡುವೆ ಉಷ್ಣತೆ ನೋಡಿ ಕರೆಂಟು ಕೊಡುವ, ತೆಗೆಯುವ ಎಸ್‌ಟಿಸಿ-1000 ಕಂಟ್ರೋಲರ್. ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟನ್ನು ಅತಿ ತಂಪಿಗೆ ತಿರುಗಿಸಿ ಮರೆತುಬಿಡಿ. ಕಂಟ್ರೋಲರಿನಲ್ಲಿ ಎಫ್1 (ಬೇಕಾದ ಉಷ್ಣತೆ) 14 ಡಿಗ್ರಿ, ಎಫ್2 (ಎಷ್ಟು ಏರಿದರೆ ಮತ್ತೆ ಶುರುವಾಗಬೇಕು) 1.5, ಎಫ್3 5 ನಿಮಿಷ. ಎಫ್3 ಅಂದರೆ ಕಂಪ್ರೆಸರ್ ನಿಂತು ಮತ್ತೆ ಹೊರಡುವ ಮುಂಚಿನ ಬಿಡುವು. ಆಷಾಢದಲ್ಲಿ ಕರೆಂಟು ಕಣ್ಣುಮುಚ್ಚಾಲೆ ಆಡುವ ಊರಿನಲ್ಲಿ ಅದನ್ನು ಒಂದು ನಿಮಿಷಕ್ಕೆ ಇಟ್ಟರೆ ಕಂಪ್ರೆಸರಿಗೆ ಆಯುಷ್ಯ ಕಡಿಮೆ. ಸೆನ್ಸರನ್ನು ಗಾಳಿಯಲ್ಲಿ ನೇತುಹಾಕದೆ ಅರ್ಧ ಲೀಟರ್ ನೀರಿನ ಬಾಟಲಿಗೆ ಟೇಪು ಹಾಕಿ ಅಂಟಿಸಿ, ಇಲ್ಲದಿದ್ದರೆ ಬಾಗಿಲು ತೆಗೆದಾಗಲೆಲ್ಲ ಕಂಪ್ರೆಸರ್ ಎದ್ದು ಕೂರುತ್ತದೆ. ಖಾಲಿ ಉಳಿದ ಜಾಗಕ್ಕೂ ನೀರಿನ ಬಾಟಲಿಗಳನ್ನೇ ತುಂಬಿ. ಕರೆಂಟು ಹೋದಾಗ ತಂಪು ಹಿಡಿದಿಡುವುದು ಅವೇ. ಲೇಬಲ್ಲುಗಳಿಗೆ ಬೂಷ್ಟು ಹಿಡಿಯದಂತೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಒಂದು ಸುತ್ತು. ಬೂಷ್ಟು ಹಿಡಿದೇಬಿಟ್ಟರೆ ಬ್ಲೀಚಿಂಗ್ ಪೌಡರ್ ಮುಟ್ಟಬೇಡಿ. ಕ್ಲೋರಿನ್ ಮತ್ತು ಬೂಷ್ಟು ಸೇರಿದ ಕಡೆ ಟಿಸಿಎ ಹುಟ್ಟುವ ಸಾಧ್ಯತೆ ಇದೆ, ಕಾರ್ಕು ಕೆಡಿಸುವ ಮುಗ್ಗಲು ವಾಸನೆಯ ವಸ್ತು ಅದೇ. ಬಿಸಿನೀರು, ವಿನೆಗರ್ ಸಾಕು.

ಫ್ರಿಜ್ಜಿಗೂ ಮುಂಚೆ 'ವೈನ್ ಕೂಲರ್' ಅಂತ ಒಂದು ಬಂದಿತ್ತು. ಜಾಹೀರಾತಿನಲ್ಲಿ ಕಂಪ್ರೆಸರ್, ಪೆಟ್ಟಿಗೆ ಬಿಚ್ಚಿದರೆ ಪೆಲ್ಟಿಯರ್, ಅಂದರೆ ಕಂಪ್ರೆಸರ್ ಇಲ್ಲದೆ ಕರೆಂಟಿನಿಂದಲೇ ಒಂದು ಮೈ ತಣ್ಣಗಾಗುವ ಬಿಲ್ಲೆ. ಪೆಲ್ಟಿಯರ್ ಹೊರಗಿನ ಉಷ್ಣತೆಗಿಂತ 15ರಿಂದ 20 ಡಿಗ್ರಿ ಇಳಿಸಿದರೆ ಅದೇ ಹೆಚ್ಚು. ಏಪ್ರಿಲ್‌ನಲ್ಲಿ ಶಿವಮೊಗ್ಗ 37 ಮುಟ್ಟಿದಾಗ ಅದು ಹಗಲೂ ರಾತ್ರಿ ಫ್ಯಾನ್ ತಿರುಗಿಸಿಕೊಂಡು 20ರಲ್ಲೇ ಏದುಸಿರು ಬಿಡುತ್ತಿರುತ್ತದೆ. ಮಾರಿದವರಿಗೆ ಫೋನು ಮಾಡಿದರೆ, "ಸರ್, ಕೂಲಿಂಗ್ ಆಗ್ತಿದೆಯಲ್ಲ?" ಆಗ್ತಿದೆ ಮಾರಾಯ, ಫ್ಯಾನಿನ ಮುಂದೆ ಕೂತರೆ ನಮಗೂ ಆಗುತ್ತದೆ.

"ಇಷ್ಟೆಲ್ಲ ಯಾಕೆ, ನೆಲಮಾಳಿಗೆ ತೋಡಬಾರದೇ?" ಎನ್ನುವವರಿಗೆ ಒಂದು ಲೆಕ್ಕ. ನೆಲದ ಆಳದ ಉಷ್ಣತೆ ಹೆಚ್ಚುಕಡಿಮೆ ಆ ಊರಿನ ವರ್ಷದ ಸರಾಸರಿಯಷ್ಟೇ ಇರುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ಅದು 13-14ರ ಆಸುಪಾಸು, ಹಾಗಾಗಿ ಅಲ್ಲಿ ತೋಡಿದರೆ ಸೆಲ್ಲರ್. ಶಿವಮೊಗ್ಗದಲ್ಲಿ ಸರಾಸರಿಯೇ 25ರ ಹತ್ತಿರ. ಜಂಬಿಟ್ಟಿಗೆಯನ್ನು ಎಷ್ಟು ಆಳಕ್ಕೆ ಕೊರೆದರೂ ಬೇಸಿಗೆಯಲ್ಲಿ ಬಾಳೆಗೊನೆ ಹಣ್ಣಿಗೆ ಹಾಕುವ ಜಾಗ, ಮಳೆಗಾಲದಲ್ಲಿ ಬಾವಿ.

ಸರಿ, ಡಿಕ್ಯಾಂಟರಿಗೆ ಬರೋಣ. ಡಿಕ್ಯಾಂಟ್ ಮಾಡುವುದು ಎರಡು ಕಾರಣಕ್ಕೆ: ಗಷ್ಟು ಬೇರ್ಪಡಿಸಲು, ಗಾಳಿ ತಾಗಿಸಲು. ಕಾರ್ಕು ಕಿತ್ತು ಬಾಟಲಿಯನ್ನು 'ಉಸಿರಾಡಲಿ' ಎಂದು ಮೇಜಿನ ಮೇಲೆ ಬಿಡುವುದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸ. ಕೊರಳಿನ ಒಳವ್ಯಾಸ 18.5 ಮಿ.ಮೀ., ಅಂದರೆ ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ 2.7 ಚದರ ಸೆಂ.ಮೀ. ತಳ 20 ಸೆಂ.ಮೀ. ಅಗಲದ ಡಿಕ್ಯಾಂಟರಿನಲ್ಲಿ ಅದೇ 314 ಚದರ ಸೆಂ.ಮೀ., ನೂರು ಪಟ್ಟಿಗಿಂತ ಹೆಚ್ಚು. 750 ಮಿ.ಲೀ. ವೈನ್ ಅಲ್ಲಿ ಎರಡೂವರೆ ಸೆಂ.ಮೀ. ಆಳವೂ ಇರುವುದಿಲ್ಲ.

ಗಾಳಿಗೆ ಅನುಕೂಲವಾದ ಈ ಅಗಲವೇ ಸೆಕೆಗೂ ಅನುಕೂಲ. 28 ಡಿಗ್ರಿಯ ಕೋಣೆಯಲ್ಲಿ 16ರ ವೈನನ್ನು ಹೀಗೆ ಹರಡಿಟ್ಟರೆ ಅರ್ಧ ಗಂಟೆಗೆ 20 ದಾಟುತ್ತದೆ, ಗಂಟೆಗೆ 23ರ ಹತ್ತಿರ. ಮಳೆಗಾಲದಲ್ಲಿ ಕೋಣೆ 25ಕ್ಕೆ ಇಳಿದಿದೆ ಎಂದು ನೆಮ್ಮದಿ ಪಡುವಂತಿಲ್ಲ, ಆಗ ಗಾಜು ಬೆವರುತ್ತದೆ. ತೇವಾಂಶ 90 ಶೇಕಡಾ ಇರುವ ಗಾಳಿಯ ನೀರು ಗಾಜಿನ ಮೇಲೆ ಹನಿಗಟ್ಟುವಾಗ ಗ್ರಾಂಗೆ ಸುಮಾರು 2,450 ಜೂಲ್ ಶಾಖವನ್ನು ಅಲ್ಲೇ ಬಿಟ್ಟುಹೋಗುತ್ತದೆ. ಒಂದು ಬಾಟಲಿ ವೈನ್ ಒಂದು ಡಿಗ್ರಿ ಏರಲು 3,100 ಜೂಲ್ ಸಾಕು. ಒಂದೂಕಾಲು ಗ್ರಾಂ ಬೆವರಿಗೆ ಒಂದು ಡಿಗ್ರಿ ಅಂದಹಾಗಾಯಿತು. ನಮ್ಮ ಕೆಂಪು ವೈನುಗಳಲ್ಲಿ ಆಲ್ಕೋಹಾಲ್ 13-14 ಶೇಕಡಾ ಇರುವುದು ಮಾಮೂಲು. 22 ದಾಟಿದ ಮೇಲೆ ಅದು ಎದ್ದು ಬಂದು ಹಣ್ಣಿನ ಪರಿಮಳವನ್ನೆಲ್ಲ ಮುಚ್ಚಿಹಾಕುತ್ತದೆ. ಡಬ್ಬಿಯ ಮೇಲಿನ 'ರೂಮ್ ಟೆಂಪರೇಚರ್‌ನಲ್ಲಿ ಬಡಿಸಿ' ಎಂಬ ಸಲಹೆ 16-18 ಡಿಗ್ರಿಯ ಯುರೋಪಿನ ಕೋಣೆಗೆ ಬರೆದದ್ದು, ತೀರ್ಥಹಳ್ಳಿಯ ಜಗಲಿಗಲ್ಲ.

ತಂಟೆ ಏನೆಂದರೆ, ಗಾಳಿ ಹೆಚ್ಚಾಗಿ ಸತ್ತ ವೈನೂ, ಬಿಸಿಯಾಗಿ ಮಂಕಾದ ವೈನೂ ಮೊದಲ ಗುಟುಕಿಗೆ ಹೆಚ್ಚುಕಡಿಮೆ ಒಂದೇ ಥರ: ಸಪ್ಪೆ, ಪರಿಮಳ ಇಲ್ಲ. ಇವನ್ನು ಬೇರ್ಪಡಿಸಲು ಹೀಗೆ ಮಾಡಿ. 16 ಡಿಗ್ರಿಯ ಒಂದು ಬಾಟಲಿಯನ್ನು ಮೂರು ಪಾಲು ಮಾಡಿ. ಮೊದಲ ಪಾಲು ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ, ಎರಡೂವರೆ ಸೆಂ.ಮೀ. ಆಳಕ್ಕೆ, ಮೇಜಿನ ಮೇಲೆ: ಗಾಳಿಯೂ ಇದೆ, ಬಿಸಿಯೂ ಇದೆ. ಎರಡನೆಯದು ಅಂಥದ್ದೇ ಪಾತ್ರೆಯಲ್ಲಿ, ಆದರೆ 16 ಡಿಗ್ರಿಯ ನೀರಿನೊಳಗೆ: ಗಾಳಿ ಮಾತ್ರ. ಮೂರನೆಯದು ಚಿಕ್ಕ ಸೋಡಾ ಬಾಟಲಿಗೆ ಕಂಠಮಟ್ಟ ತುಂಬಿ, ಬಿರಡೆ ಬಿಗಿದು, ಮೊದಲನೆಯದರ ಪಕ್ಕದಲ್ಲಿ: ಬಿಸಿ ಮಾತ್ರ. ಒಂದು ಗಂಟೆಯ ನಂತರ ಒಂದೊಂದು ಗ್ಲಾಸು. ಯಾವುದು ಯಾವುದೆಂದು ಕುಡಿಯುವವರಿಗೆ ತಿಳಿಯದ ಹಾಗೆ ಬೇರೆಯವರು ಗ್ಲಾಸಿನ ಅಡಿಗೆ ಚೀಟಿ ಅಂಟಿಸಲಿ. ಮೂಗಿಗಿಂತ ಮನಸ್ಸು ದೊಡ್ಡ ಸುಳ್ಳುಗಾರ.

ಸುರಿದ ಕೂಡಲೆ ನೋಡಿದರೆ ಒಂದನೆಯದೂ ಮೂರನೆಯದೂ ಒಟ್ಟಿಗೆ ಸೋತಿರುತ್ತವೆ. ನಿಜವಾದ ಸಾಕ್ಷಿ ಸಿಗುವುದು ಆಮೇಲೆ. ಮೂರೂ ಗ್ಲಾಸುಗಳನ್ನು ಫ್ರಿಜ್ಜಿಗೆ ಹಾಕಿ 17ಕ್ಕೆ ತಂದು ಮತ್ತೆ ಮೂಸಿ. ಒಂದನೆಯದು ಎದ್ದು ಬಂದು ಎರಡನೆಯದರ ಪಕ್ಕದಲ್ಲಿ ನಿಲ್ಲುತ್ತದೆ. ಗಾಳಿಯೇ ಕಾಣದ ಮೂರನೆಯದು ಮಾತ್ರ ಮುಚ್ಚಳ ತೆಗೆದ ಹೊತ್ತಿನಷ್ಟೇ ಬಿಗುವಾಗಿ, ಒಗರೊಗರಾಗಿ ಉಳಿದಿರುತ್ತದೆ. ತಂಪಿಗೆ ಮರಳಿ ಬಂದರೆ ಅದು ಸೆಕೆಯ ಕೆಲಸ, ತಂಪಾದ ಮೇಲೂ ಏಳದಿದ್ದರೆ ಗಾಳಿ ಹೆಚ್ಚಾಗಿದೆ. ಇನ್ನು ಮುಂದೆ ಯಾವ ವೈನ್ 'ಸತ್ತಿತು' ಅನ್ನಿಸಿದರೂ ಸಿಂಕಿಗೆ ಚೆಲ್ಲುವ ಮುಂಚೆ ಒಂದು ಗ್ಲಾಸಿಗೆ ಈ ಹದಿನೈದು ನಿಮಿಷದ ತಂಪಿನ ಪರೀಕ್ಷೆ ಕಡ್ಡಾಯ.

ಒಗರಿನ ಬಗ್ಗೆ ಒಂದು ಮಾತು. ಒಗರು ಕೊಡುವ ಟ್ಯಾನಿನ್ ಅಂದರೇನೆಂದು ಅಡಿಕೆ ಬೇಯಿಸಿ ಚೊಗರು ಕಂಡ ಊರಿನವರಿಗೆ ವಿವರಿಸಬೇಕಿಲ್ಲ. ಒಂದೆರಡು ಗಂಟೆಯ ಗಾಳಿಗೆ ಟ್ಯಾನಿನ್ ಕರಗಿಹೋಗುವುದಿಲ್ಲ. ಪರಿಮಳ ಬಿಚ್ಚಿಕೊಂಡಾಗ ಒಗರು ಹಿಂದೆ ಸರಿದಂತೆ ಅನ್ನಿಸುತ್ತದೆ, ಅಷ್ಟೇ. ತೀರಾ ತಂಪಾದರೆ ಅದೇ ಒಗರು ಮತ್ತೆ ಹಲ್ಲು ತೋರಿಸುತ್ತದೆ. ಕಪಾಟಿನ 14ರಿಂದ ನೇರ ಗ್ಲಾಸಿಗೆ ಬೇಡ, 16-17 ಸರಿ.

ಪರಿಹಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುವ ಅಗಲದ ಸ್ಟೀಲ್ ಬೋಗುಣಿ. 26 ಡಿಗ್ರಿಯ ನಲ್ಲಿ ನೀರು 4 ಲೀಟರ್, ಐಸ್ ಸುಮಾರು 450 ಗ್ರಾಂ. ಐಸ್ ಕರಗಿದಾಗ ನೀರು 15ರ ಹತ್ತಿರ ನಿಲ್ಲುತ್ತದೆ. ಡಿಕ್ಯಾಂಟರನ್ನು ವೈನಿನ ಮಟ್ಟದವರೆಗೆ ಮಾತ್ರ ಅದರಲ್ಲಿ ಇಳಿಸಿ. ಅರ್ಧ ಗಂಟೆಗೊಮ್ಮೆ ಒಂದು ಹಿಡಿ ಐಸ್. ಒಮ್ಮೆಗೇ ರಾಶಿ ಐಸ್ ಸುರಿದರೆ ವೈನ್ 10ಕ್ಕೆ ಇಳಿದು ಹೊಸ ತಲೆನೋವು. ಬೋಗುಣಿಯ ಅಡಿಗೆ ಹಳೇ ಪಂಚೆ ಹಾಸಿ, ಇಲ್ಲದಿದ್ದರೆ ಮರದ ಮೇಜಿನ ಮೇಲೆ ಬಿಳೀ ಉಂಗುರ ಬಿದ್ದು ಮನೆಯಲ್ಲಿ ಬೇರೆಯದೇ ವಿಚಾರಣೆ ನಡೆಯುತ್ತದೆ.

ಬೇಸಿಗೆಗೆ ಇನ್ನೂ ಸುಲಭದ ದಾರಿ ಇದೆ. ಬಾಟಲಿಯನ್ನು ಜಗ್ಗಿಗೆ ಬಗ್ಗಿಸಿ, ಆಲಿಕೆ ಇಟ್ಟು ಅದೇ ಬಾಟಲಿಗೆ ವಾಪಸ್ ಸುರಿದು, ಬಿರಡೆ ಹಾಕಿ ಕಪಾಟಿಗೇ ಸೇರಿಸಿ. ಧಾರೆಯಾಗಿ ಎರಡು ಸಲ ಬೀಳುವಾಗಲೇ ವೈನ್ ಸಾಕಷ್ಟು ಆಮ್ಲಜನಕ ಹೀರಿಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಹಿಡಿಯುವುದೇ ಸುಮಾರು 8 ಮಿಲಿಗ್ರಾಂ. ಊಟಕ್ಕೆ ಒಂದು ಗಂಟೆ ಮುಂಚೆ ಮಾಡಿಟ್ಟರೆ ಐಸಿನ ರಗಳೆಯೇ ಇಲ್ಲ. ಡಿಕ್ಯಾಂಟರಿಗೆ ದುಡ್ಡು ಸುರಿದವರಿಗೆ ಹೊಟ್ಟೆ ಉರಿಯುತ್ತದೆ, ಅದಕ್ಕೆ ಮದ್ದಿಲ್ಲ.

ಹಾಗಾದರೆ ಯಾವುದಕ್ಕೆ ಎಷ್ಟು ಹೊತ್ತು? ಗಡಿಯಾರ ನೋಡುವ ಮುಂಚೆ 30 ಮಿ.ಲೀ. ಸುರಿದು ಮೂಸಿ. ಹಣ್ಣು ಆಗಲೇ ಮಾತಾಡುತ್ತಿದ್ದರೆ ಡಿಕ್ಯಾಂಟರ್ ಬೇಡವೇ ಬೇಡ. ಪಿನೋ ನ್ವಾರ್ ದ್ರಾಕ್ಷಿಯ ಹಗುರವಾದ ವೈನಿಗಂತೂ ಗ್ಲಾಸೇ ಸಾಕು. ಶಿರಾಜ್ ದ್ರಾಕ್ಷಿಯ ಎರಡು-ನಾಲ್ಕು ವರ್ಷದ ವೈನ್, ಅಂದರೆ ಸುಲಾ ರಾಸಾದಂಥದ್ದು, ಅಥವಾ ಕ್ಯಾಬರ್ನೆ-ಶಿರಾಜ್ ಬೆರಕೆಯ ಗ್ರೋವರ್ ಲಾ ರಿಸರ್ವ್ ಆದರೆ ಅರ್ಧದಿಂದ ಒಂದು ಗಂಟೆ. ಹಂಪಿ ಸೀಮೆಯ ಕ್ರಸ್ಮಾ ಕ್ಯಾಬರ್ನೆ ಎಳೆಯದಿದ್ದರೆ ಒಂದೂವರೆ ಗಂಟೆಯೂ ಬೇಕಾದೀತು. ಸಾಂಜೋವೇಸೆ-ಕ್ಯಾಬರ್ನೆಯ ಫ್ರಾಟೆಲ್ಲಿ ಸೆಟ್ಟೆ ಐದು ವರ್ಷ ದಾಟಿದ್ದರೆ ಮೊದಲು ಗಷ್ಟು ನೋಡಿ, ಆಮೇಲೆ ಇಪ್ಪತ್ತು ನಿಮಿಷ. ಇದೆಲ್ಲ 16-17ರಲ್ಲಿ ಹಿಡಿದಿಟ್ಟ ವೈನಿನ ಲೆಕ್ಕ, ಅದೂ ನನ್ನ ನಾಲಿಗೆಯದ್ದು. ಹದಿನೈದು ನಿಮಿಷಕ್ಕೊಮ್ಮೆ ಒಂದು ಗುಟುಕು ನೋಡಿ ಬರೆದಿಟ್ಟುಕೊಂಡರೆ ನಿಮ್ಮದೇ ಪಟ್ಟಿ ತಯಾರಾಗುತ್ತದೆ.

ಹಳೇ ಬಾಟಲಿಗೆ ಗಾಳಿ ವೈರಿ. ಗ್ಲಾಸನ್ನು ಓರೆ ಹಿಡಿದಾಗ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಗಷ್ಟು ಬೇರ್ಪಡಿಸಿ ತಕ್ಷಣ ಬಡಿಸುವುದೇ. ಒಂದೆರಡು ದಿನ ಮುಂಚೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಕೊರಳಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ಒಂದೇ ಓಟದಲ್ಲಿ ಸುರಿಯಿರಿ. ಕಪ್ಪು ಗೆರೆ ಭುಜಕ್ಕೆ ಬಂದಾಗ ನಿಲ್ಲಿಸಿ, 30-50 ಮಿ.ಲೀ. ನಷ್ಟ ಒಪ್ಪಿಕೊಳ್ಳಿ. ಕರೆಂಟಿಲ್ಲವೆಂದು ಚಿಮಣಿ ಬುಡ್ಡಿ ಹಚ್ಚಿದರೆ ವೈನ್ ಸೀಮೆಎಣ್ಣೆ ಮೂಸುತ್ತದೆ. ಕಾಫಿ ಸೋಸುವ ಬಟ್ಟೆಯನ್ನಂತೂ ಎಷ್ಟು ತೊಳೆದರೂ ಅದು ಕಾಫಿ ಬಟ್ಟೆಯೇ.

ಕೊಳೆತ ಮೊಟ್ಟೆ, ಸುಟ್ಟ ಬೆಂಕಿಕಡ್ಡಿಯ ವಾಸನೆ ಬಂದರೆ ಅದು ಗಂಧಕದ ಅನಿಲಗಳು. ತಿರುಪು ಮುಚ್ಚಳದ ಬಾಟಲಿಗಳಲ್ಲಿ ಇದು ಹೆಚ್ಚು. ಗಾಳಿಗೆ ಬಹುಪಾಲು ಹೋಗುತ್ತದೆ. ಪರೀಕ್ಷೆಗೆ ವೈರಿಂಗ್ ತಂತಿಯ ತುಂಡಿನ ಸಿಪ್ಪೆ ಸುಲಿದು, ತಾಮ್ರವನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು, ಗ್ಲಾಸಿನಲ್ಲಿ ಹತ್ತು ಸೆಕೆಂಡು ಕಲಕಿ ತೆಗೆಯಿರಿ. ವಾಸನೆ ಮಾಯವಾದರೆ ರೋಗ ಅದೇ. ತಾಮ್ರ ಒಳ್ಳೆಯದಂತೆ ಎಂದು ಇಡೀ ವೈನನ್ನು ತಾಮ್ರದ ಚೊಂಬಿಗೆ ಸುರಿಯಬೇಡಿ. ಹುಳಿಗೆ ತಾಮ್ರ ಕರಗಿ ಹೊಟ್ಟೆ ಸೇರುತ್ತದೆ.

ಮುಗ್ಗಲು, ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕು ಕೆಟ್ಟಿದೆ, ಯಾವ ಡಿಕ್ಯಾಂಟರೂ ಉಳಿಸದು. ಆದರೆ ಜುಲೈನಲ್ಲಿ ಇಡೀ ಮನೆಯೇ, ಹಾಕಿಕೊಂಡ ಸ್ವೆಟರೂ ಸೇರಿ, ಅದೇ ವಾಸನೆ ಬೀರುವಾಗ ಕಾರ್ಕನ್ನು ದೂರುವ ಮುಂಚೆ ಖಾಲಿ ಡಿಕ್ಯಾಂಟರನ್ನು ಮೂಸಿ. ಮಳೆಗಾಲದಲ್ಲಿ ಅದು ಒಳಗೆ ಒಣಗುವುದೇ ಇಲ್ಲ. ಒಂದು ಹಿಡಿ ಅಕ್ಕಿ, ಉಗುರುಬೆಚ್ಚಗಿನ ನೀರು, ಒಂದು ಚಮಚ ವಿನೆಗರ್ ಹಾಕಿ ಕುಲುಕಿ ತೊಳೆದು, ಕವುಚಿಟ್ಟು, ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಡಿ. ಬಿರಡೆ ಹಾಕಿಡಬೇಡಿ. ಬಳಸುವ ಮುಂಚೆ ಒಂದು ಗುಟುಕು ವೈನಿನಲ್ಲೇ ತೊಳೆದು ಚೆಲ್ಲಿ.

ಬಾಟಲಿ ಕೊಳ್ಳುವಾಗ ಅಂಗಡಿಯ ಕಿಟಕಿಯಲ್ಲಿ ಬಿಸಿಲು ಕಾಯುತ್ತಾ ನಿಂತ 'ಡಿಸ್‌ಪ್ಲೇ' ಬಾಟಲಿ ಬೇಡವೆನ್ನಿ. ಕಾರ್ಕು ತುಸು ಮೇಲೆದ್ದಿದ್ದರೆ, ಕಾರ್ಕಿನ ಮೇಲಿನ ಹೊದಿಕೆಯ (ಕ್ಯಾಪ್ಸೂಲ್) ಸುತ್ತ ಅಂಟು ಇದ್ದರೆ ಅದು ಅಲ್ಲೇ ಬೆಂದಿದೆ. "ಹಳೇದಾದಷ್ಟೂ ರುಚಿ ಸರ್" ಅನ್ನುವ ಕೌಂಟರಿನವರ ಮಾತು ಐನೂರು-ಸಾವಿರದ ಬಾಟಲಿಗೆ ಅನ್ವಯಿಸದು, ಅವು ಮೂರ್ನಾಲ್ಕು ವರ್ಷದೊಳಗೆ ಕುಡಿಯಲೆಂದೇ ಮಾಡಿದವು. ಮನೆಯಲ್ಲಿ ಎಷ್ಟು ಲೀಟರ್ ಇಡಬಹುದೆಂಬ ಮಿತಿಯನ್ನು ಅಬಕಾರಿ ಕಚೇರಿಯಲ್ಲಿ ಕೇಳಿಕೊಂಡೇ ಕಪಾಟು ತುಂಬಿಸಿ.

ಮುಂದಿನ ಕಂತು ಅಡಿಕೆ ದಬ್ಬೆಯ ರ್‍ಯಾಕ್ ಆಗಬೇಕಿತ್ತು: ಬಾಟಲಿಗೆ 90 ಮಿ.ಮೀ. ಅಂತರ, ಬರ್ಗಂಡಿ ಆಕಾರದ ದಪ್ಪ ಬಾಟಲಿಯೂ ಹಿಡಿಸುವ ಹಾಗೆ. ತಂದುಕೊಟ್ಟ ದಬ್ಬೆ ಹಸಿ ಹಸಿ, ಕೊಟ್ಟವರು "ಒಣಗಿದ್ದೇ" ಎನ್ನುತ್ತಿದ್ದಾರೆ. ಅದು ಒಣಗಿ ಕುಟ್ಟೆ ಹಿಡಿಯದಂತೆ ಎಣ್ಣೆ ಕುಡಿಯುವವರೆಗೆ ವಿನೆಗರ್ ಶುರು. ಪರೀಕ್ಷೆಯಲ್ಲಿ ಉಳಿದ ವೈನಿಗೆ ಸಮ ನೀರು ಬೆರೆಸಿದರೆ ಆಲ್ಕೋಹಾಲ್ 6-7ಕ್ಕೆ ಇಳಿಯುತ್ತದೆ, ಅದಕ್ಕೆ ಸೋಸದ ಜೀವಂತ ವಿನೆಗರ್ ಕಾಲು ಭಾಗ, ಬಾಯಿಗೆ ತೆಳು ಬಟ್ಟೆ. ವೈನಿಗೆ ಶನಿಯಾದ ನಮ್ಮ 28 ಡಿಗ್ರಿ ವೈನನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಹಬ್ಬ. ಭರಣಿಯನ್ನು ಮಾತ್ರ ಕಪಾಟಿನಿಂದ ದೂರದ ಕೋಣೆಯಲ್ಲಿಡಬೇಕು, ಹಣ್ಣಿನ ನೊಣಗಳು ಆ ಬ್ಯಾಕ್ಟೀರಿಯಾವನ್ನು ಕಾಲಿಗಂಟಿಸಿಕೊಂಡು ತೆರೆದ ಬಾಟಲಿಗಳಿಗೆ ಹೊತ್ತು ತರುತ್ತವೆ. ಭರಣಿಯ ಒಳಮೈ ಹೊಳಪು ಎಲ್ಲೂ ಚಕ್ಕೆ ಎದ್ದಿರಬಾರದು. ಅಂಥದ್ದೊಂದು ಐದು ಲೀಟರಿನದು ಸಾಗರದ ಕಡೆ ಯಾರಾದರೂ ಕಂಡಿದ್ದರೆ ತಿಳಿಸಿ. ಇಲ್ಲಿ ಸಿಕ್ಕಿದವಕ್ಕೆಲ್ಲ ಅಡಿಯಲ್ಲಿ ಕೂದಲೆಳೆ ಬಿರುಕು.