ಹಳೇ ಮೆಕ್ಯಾನಿಕ್ ಸಮವಸ್ತ್ರ: ಲಾಂಛನ ಕೊನೆಗೆ, ಕೆಲಸ ಮತ್ತು ವರ್ಷ ಮೊದಲಿಗೆ

ಹಳೆಯ ಅಮೆರಿಕನ್ ಕಾರು ಕೆಲಸಗಾರರ ಸಮವಸ್ತ್ರ ಬೇಕು ಎಂದು ನಮ್ಮ ವಸ್ತ್ರ ವಿಭಾಗಕ್ಕೆ ಬರುವವರು ಮೊದಲು ಕೇಳುವುದು ಎದೆಯ ಮೇಲಿನ ಲಾಂಛನವನ್ನು. ಕೆಲಸ ಕೆಡುವುದು ಅಲ್ಲೇ. ಅದನ್ನು ತೊಟ್ಟವನು ಯಾವ ಕೆಲಸದಲ್ಲಿದ್ದ, ಯಾವ ವರ್ಷದಲ್ಲಿದ್ದ ಎಂಬ ಎರಡು ವಿಷಯ ಗೊತ್ತಾಗುವ ತನಕ ಬಟ್ಟೆ ಕೊಳ್ಳಬಾರದು, ಕತ್ತರಿ ಹಿಡಿಯಬಾರದು.

ಕಾರು ಜೋಡಿಸುವ ಕಾರ್ಖಾನೆಯ ಸಾಲಿನಲ್ಲಿ ನಿಂತವರಿಗೆ ಸಾಮಾನ್ಯವಾಗಿ ಸಮವಸ್ತ್ರವೇ ಇರಲಿಲ್ಲ. ಮಿಶಿಗನ್‌ನ ಫ್ಲಿಂಟ್ ಊರಿನ ಜನರಲ್ ಮೋಟಾರ್ಸ್ ಕಾರ್ಖಾನೆಗಳಲ್ಲಿ 1936–37ರಲ್ಲಿ ನಡೆದ ಮುಷ್ಕರದ ಫೋಟೋಗಳನ್ನು ನೋಡಿ: ಅವರವರ ಟೋಪಿ, ಸ್ವೆಟರ್, ಮನೆಯಿಂದ ತೊಟ್ಟು ಬಂದ ಓವರಾಲ್. ಇವನು ನಮ್ಮವನು ಎಂದು ಕಂಪನಿ ಗುರುತಿಸುತ್ತಿದ್ದದ್ದು ನಂಬರು ಕೆತ್ತಿದ ಲೋಹದ ಬ್ಯಾಡ್ಜಿನಿಂದ. ಎದೆಯ ಮೇಲೆ ಹೆಸರಿನ ಪಟ್ಟಿ, ಬೆನ್ನ ಮೇಲೆ ದೊಡ್ಡ ಅಕ್ಷರ, ಗರಿಗರಿ ಟೋಪಿ, ಬೋ ಟೈ ಇವೆಲ್ಲ ಪೆಟ್ರೋಲ್ ಬಂಕಿನವರದು, ಡೀಲರ್ ಸರ್ವಿಸ್‌ನವರದು. ಗಿರಾಕಿಯ ಕಣ್ಣಿಗೆ ಬೀಳುವವರು ಅವರೇ ತಾನೆ. ಬಣ್ಣ ಬಳಿದು ಮುಗಿಸಿದ ಕಾರಿನ ಮೇಲೆ ಬಗ್ಗಿ ಕೆಲಸ ಮಾಡುವವರ ಉಡುಪಿನಲ್ಲಿ ಗುಂಡಿಗಳು ಬಟ್ಟೆಯ ಪಟ್ಟಿಯೊಳಗೆ ಅಡಗಿರುತ್ತವೆ, ಬಕಲ್ ಇರುವುದಿಲ್ಲ. ಲೋಹ ತಾಗಿ ಬಣ್ಣ ಗೀಚಬಾರದು ಎಂಬುದು ಕಾರಣ. ಇಂಥ ಉಡುಪಿಗೆ ಹೊಳೆಯುವ ಹಿತ್ತಾಳೆ ಗುಂಡಿ ಹೊಲಿದರೆ, ತಿಳಿದವರು ದೂರದಿಂದಲೇ ತಪ್ಪು ಹಿಡಿಯುತ್ತಾರೆ.

ಫೋಟೋಗೆ ಡೆಟ್ರಾಯಿಟ್‌ನ ವಾಲ್ಟರ್ ರೂಥರ್ ಗ್ರಂಥಾಲಯ, ಲೈಬ್ರರಿ ಆಫ್ ಕಾಂಗ್ರೆಸ್ ಎರಡೂ ಒಳ್ಳೆಯ ಮೂಲ. ಆದರೆ ಕಪ್ಪು-ಬಿಳುಪು ಚಿತ್ರದಿಂದ ಬಣ್ಣ ಊಹಿಸಬೇಡಿ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಕಾಲರ್ ಕಪ್ಪಾಗಿ, ನೀಲಿ ಅಂಗಿ ಬಿಳಿಚಿಕೊಂಡು ಬೀಳುತ್ತದೆ. ನಿಜವಾದ ಬಣ್ಣ ಬೇಕಿದ್ದರೆ ಉಳಿದಿರುವ ಬಟ್ಟೆಯ ಹೊಲಿಗೆ ಮಡಿಕೆ ಬಿಡಿಸಿ ಒಳಗೆ ನೋಡಬೇಕು. ಬಿಸಿಲು ಕಾಣದ ಜಾಗ ಅದೊಂದೇ.

ಮೂಲ ಉಡುಪೇ ಸಿಕ್ಕರೆ ವರ್ಷ ಹೇಳುವುದು ಲೇಬಲ್. ಊರಿನ ಹೆಸರಿನ ಮುಂದೆ ಒಂದೆರಡು ಅಂಕಿಯ ಅಂಚೆ ವಲಯ ಇದ್ದರೆ 1943ರಿಂದ 1963ರೊಳಗಿನದು. ಐದು ಅಂಕಿಯ ಜಿಪ್ ಕೋಡ್ ಇದ್ದರೆ 1963ರ ನಂತರದ್ದು. ನೂಲಿನ ಶೇಕಡಾವಾರು ವಿವರ ಕಡ್ಡಾಯವಾದದ್ದು 1960ರಲ್ಲಿ, ಒಗೆಯುವ ಸೂಚನೆ 1972ರಲ್ಲಿ. ಆರ್‌ಎನ್ ಸಂಖ್ಯೆ (ಅಮೆರಿಕ ಸರ್ಕಾರ ಬಟ್ಟೆ ಕಂಪನಿಗೆ ಕೊಡುವ ನೋಂದಣಿ ಸಂಖ್ಯೆ) 13670ಕ್ಕಿಂತ ದೊಡ್ಡದಿದ್ದರೆ ಅದರಿಂದ 13670 ಕಳೆದು, 2635ರಿಂದ ಭಾಗಿಸಿ, 1959 ಕೂಡಿಸಿದರೆ ಸರಿಸುಮಾರು ವರ್ಷ ಸಿಗುತ್ತದೆ. 29490ಕ್ಕೆ 1965 ಬರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಅದು ಕಂಪನಿಗೆ ಸಂಖ್ಯೆ ಕೊಟ್ಟ ವರ್ಷ, ಅಂಗಿ ಹೊಲಿದ ವರ್ಷವಲ್ಲ. ಅದೇ ಸಂಖ್ಯೆಯಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೂ ಅಂಗಿ ಬಂದಿರಬಹುದು. ‘ಇದಕ್ಕಿಂತ ಹಳೆಯದಲ್ಲ’ ಎಂದಷ್ಟೇ ಹೇಳಬಹುದು.

ಲೇಬಲ್ ಹರಿದುಹೋಗಿದ್ದರೆ ಒಳಮಡಿಕೆಯಿಂದ ಒಂದೆಳೆ ತೆಗೆದು ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಿಟ್ಟು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬಟ್ಟೆಯನ್ನೂ ಹೊಲಿಗೆ ದಾರವನ್ನೂ ಬೇರೆಬೇರೆಯಾಗಿ ಸುಡಬೇಕು. ನೇರಳಾತೀತ ದೀಪದಲ್ಲಿ ಬಟ್ಟೆ ಬೆಳಗಿತೆಂದು ನಕಲಿ ಎನ್ನಬೇಡಿ; ಈಗಿನ ಡಿಟರ್ಜೆಂಟಿನಲ್ಲಿ ಒಮ್ಮೆ ಒಗೆದ ಹಳೇ ಹತ್ತಿಯೂ ಬೆಳಗುತ್ತದೆ.

ಕೊಳ್ಳುವಾಗ ಎಣ್ಣೆ ಕಲೆಗೆ ಹೆದರಬೇಕಿಲ್ಲ, ಹೆದರಬೇಕಾದದ್ದು ಬ್ಯಾಟರಿ ಆಸಿಡ್‌ಗೆ. ಆಸಿಡ್ ಬಿದ್ದ ಹತ್ತಿ ನೋಡಲು ಸರಿಯಾಗೇ ಇರುತ್ತದೆ, ಮೊದಲ ಒಗೆತಕ್ಕೆ ಜರಡಿಯಾಗುತ್ತದೆ. ಹೊಟ್ಟೆ ಮತ್ತು ತೊಡೆಯ ಭಾಗವನ್ನು ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ಮೆಲ್ಲನೆ ಎಳೆದು ನೋಡಿ. ಎಳೆ ಪುಡಿಯಾದರೆ ಅದನ್ನು ಒಗೆಯದೆ, ತೊಡದೆ, ಅಳತೆಗೆ ಮಾದರಿಯಾಗಿ ಮಾತ್ರ ಇಟ್ಟುಕೊಳ್ಳಿ.

ಹೊಸದಾಗಿ ಹೊಲಿಯುವುದಾದರೆ ಮೀನಿನ ಮುಳ್ಳಿನಂತೆ ಕಾಣುವ ಹೆರಿಂಗ್‌ಬೋನ್ ಟ್ವಿಲ್ ಸರಿ. ಪೂರ್ತಿ ಹತ್ತಿ, ಚದರ ಮೀಟರಿಗೆ 270–290 ಗ್ರಾಂ. ಅಂಗಿ-ಪ್ಯಾಂಟು ಒಂದೇ ಆಗಿರುವ ತುಂಬುತೋಳಿನ ಕವರಾಲ್‌ಗೆ 150 ಸೆಂ.ಮೀ. ಪನ್ನದ ಬಟ್ಟೆ 4 ಮೀಟರ್ ಇರಲಿ. 1960ರ ದಶಕದ ನಡುವಿನ ನಂತರದ ಉಡುಪಿಗಾದರೆ ಪಾಲಿಯೆಸ್ಟರ್ ಬೆರೆತ ಬಟ್ಟೆಯೇ ಸರಿ. ಅಲ್ಲಿ ಕಣ್ಣುಮುಚ್ಚಿ ಹತ್ತಿ ತಂದರೆ ಅದೂ ತಪ್ಪಾಗಬಹುದು.

ಹಾಳಾಗುವ ಕವರಾಲ್‌ಗಳಲ್ಲಿ ಹೆಚ್ಚಿನವು ಹಾಳಾಗುವುದು ಬಟ್ಟೆ ಕುಗ್ಗುವುದರಿಂದ. ಮೊದಲೇ ಕುಗ್ಗಿಸುವ ಸ್ಯಾನ್‌ಫರೈಸಿಂಗ್ ವಿಧಾನ 1930ರದು. ಹಾಗೆ ಮಾಡದ ಬಟ್ಟೆ ಬಿಸಿನೀರಿನಲ್ಲಿ 8–10 ಶೇಕಡಾ ಕುಗ್ಗಬಹುದು, ಅದೂ ಹೊಕ್ಕಿಗಿಂತ (ಅಡ್ಡ ಎಳೆ) ಹಾಸಿನಲ್ಲಿ (ಉದ್ದದ ಎಳೆ) ಹೆಚ್ಚು. 50 ಸೆಂ.ಮೀ. ಚೌಕ ಕತ್ತರಿಸಿ, ಮೂರು ಸಲ ಬಿಸಿನೀರಿನಲ್ಲಿ ಒಗೆದು ಒಣಗಿಸಿ, ಹಾಸು ಹೊಕ್ಕು ಎರಡನ್ನೂ ಅಳೆಯಿರಿ. ಕವರಾಲ್‌ನಲ್ಲಿ ಎದೆಯ ಸುತ್ತಳತೆಗಿಂತ ಮುಖ್ಯವಾದದ್ದು ಭುಜದಿಂದ ಕಾಲಸಂದಿನ ಕೆಳಗೆ ಹಾದು ಮತ್ತೆ ಅದೇ ಭುಜಕ್ಕೆ ಬರುವ ಅಳತೆ. ಅದು 165 ಸೆಂ.ಮೀ. ಇದ್ದರೆ, ಬಗ್ಗಿ ಏಳಲು 10 ಸೇರಿಸಿ 175. ಆ ಅಳತೆಗೇ ಕತ್ತರಿಸಿ ಬಟ್ಟೆ 8 ಶೇಕಡಾ ಕುಗ್ಗಿದರೆ ಉಳಿಯುವುದು 161. ತೊಟ್ಟವನಿಗೆ ಕೈ ಮೇಲೆತ್ತಲಿಕ್ಕಾಗುವುದಿಲ್ಲ, ಸೊಂಟದ ಹೊಲಿಗೆ ಮೇಲೇರಿ ಕೂರುತ್ತದೆ. 175ನ್ನು 0.92ರಿಂದ ಭಾಗಿಸಿ 190ಕ್ಕೆ ಕತ್ತರಿಸಬೇಕು, ಇಲ್ಲವೇ ಥಾನನ್ನೇ ಮೊದಲು ಒಗೆಯಬೇಕು. ಹೊಲಿದ ಮೇಲೆ ಒಗೆದರೆ ಮಡಿಕೆಗಳಲ್ಲಿ ಬರುವ ಸಣ್ಣ ಸುಕ್ಕು ಹಳೇತನದ ಕಳೆ ಕೊಡುತ್ತದೆ, ಹಾಗಾಗಿ ಲೆಕ್ಕ ಹಾಕಿ ಕತ್ತರಿಸುವುದೇ ನಮ್ಮ ಆಯ್ಕೆ. ದಾರವೂ ಹತ್ತಿಯದೇ ಇರಬೇಕು. ಪಾಲಿಯೆಸ್ಟರ್ ದಾರ ಬಟ್ಟೆಯ ಜೊತೆ ಕುಗ್ಗುವುದಿಲ್ಲ, ಮಾಸುವುದೂ ಇಲ್ಲ.

ಈಗ ಅಕ್ಷರ. ಬೆನ್ನ ಮೇಲಿನ ಬರಹ, ಕೈಹಿಡಿ ತಿರುಗಿಸಿ ಹೊಲಿಗೆಯ ದಿಕ್ಕು ಬದಲಿಸುವ ಯಂತ್ರದಲ್ಲಿ ಹಾಕಿದ ಚೈನ್ ಹೊಲಿಗೆ. ಸಿಂಗರ್ 114ಡಬ್ಲ್ಯು103, ಕಾರ್ನೆಲಿ ಅಂಥ ಯಂತ್ರಗಳು. ಮುಂದೆ ಸರಪಳಿ, ಹಿಂದೆ ಒಂಟಿ ಎಳೆಯ ಗೆರೆ. ಕಂಪ್ಯೂಟರ್ ಕಸೂತಿಯ ದಟ್ಟ ಸ್ಯಾಟಿನ್ ಅಕ್ಷರ ಎಷ್ಟೇ ಅಂದವಾಗಿದ್ದರೂ 1950ರ ಅಂಗಿಯ ಮೇಲೆ ಹೊಂದದು. ಬೆನ್ನಿನ ತುಂಡನ್ನು ಜೋಡಿಸುವ ಮೊದಲೇ ಬರೆಸಿ, ಆದರೆ ಆ ತುಂಡನ್ನು ಒಗೆದು ಕುಗ್ಗಿಸಿದ ಮೇಲೆ. ಇಲ್ಲದಿದ್ದರೆ ಅಕ್ಷರದ ಸುತ್ತ ಬಟ್ಟೆ ಮುದುರುತ್ತದೆ. ಹಾಗಾಗಿ ಬರಹವಿರುವ ಉಡುಪಿಗೆ ಮಾತ್ರ ಥಾನನ್ನು ಮೊದಲೇ ಒಗೆದು, ಕುಗ್ಗುವ ಲೆಕ್ಕ ಬಿಟ್ಟು ಕತ್ತರಿಸುತ್ತೇವೆ. ಕೊನೆಯ ಎಳೆಯನ್ನು ಹಿಂಬದಿಗೆ ಎಳೆದು ಗಂಟು ಹಾಕದಿದ್ದರೆ ತುದಿ ಹಿಡಿದೆಳೆದವರ ಕೈಗೆ ಇಡೀ ಹೆಸರು ಬಿಚ್ಚಿ ಬರುತ್ತದೆ.

ಕಂಪನಿಗಳ ಲಾಂಛನ ಟ್ರೇಡ್‌ಮಾರ್ಕ್. ಅದನ್ನು ಹಾಕಿ ಮಾರಲು ಅನುಮತಿ ಬೇಕು. ಇನ್ನು, ಚೆನ್ನಾಗಿ ಮಾಡಿದ ನಕಲು ಹತ್ತು ವರ್ಷ ಕಳೆದ ಮೇಲೆ ಅಸಲೀ ಎಂದು ಯಾರಿಗೋ ಮಾರಾಟವಾಗಬಾರದು. ಅದಕ್ಕೇ ‘ಮರುತಯಾರಿ’ ಎಂಬ ಮಾತು ಮತ್ತು ಹೊಲಿದ ವರ್ಷವನ್ನು ಅಳಿಸದ ಶಾಯಿಯಲ್ಲಿ ಎದೆಜೇಬಿನ ಹಿಂದಿನ ಬಟ್ಟೆಯ ಮೇಲೆ ಒತ್ತುತ್ತೇವೆ. ಕಾಲರಿನ ಲೇಬಲ್ ಕಿತ್ತುಹಾಕುವುದು ಸುಲಭ, ಈ ತುಂಡನ್ನು ಅಂಗಿ ಕೆಡಿಸದೆ ಬದಲಿಸಲಾಗುವುದಿಲ್ಲ.