ಆಯುಧಪೂಜೆಯ ಕುಂಕುಮ ತೊಳೆದ ಭಾನುವಾರ

ಬೆಂಗಳೂರು, 5 ಅಕ್ಟೋಬರ್ 2025, ಭಾನುವಾರ

ಬುಧವಾರ ಆಯುಧಪೂಜೆ ಆಯಿತು. ಬಾಳೆಕಂದು, ಚೆಂಡುಹೂವಿನ ಹಾರ ಎಲ್ಲ ಗುರುವಾರ ಸಂಜೆಯೇ ಬಿಚ್ಚಿದ್ದೆವು. ಬಾನೆಟ್ ಮೇಲಿನ ಅರಿಶಿನ-ಕುಂಕುಮ, ಗಂಧದ ಪಟ್ಟೆ, ಹಾರ ಜಾರದಿರಲಿ ಎಂದು ಅಂಟಿಸಿದ್ದ ಟೇಪಿನ ಗೋಂದು, ಬಂಪರಿಗೆ ಸಿಡಿದ ಬೂದುಗುಂಬಳದ ರಸ ಮಾತ್ರ ಹಾಗೇ ಇದ್ದವು. ಹಬ್ಬದ ಗುರುತು ಒಂದೆರಡು ದಿನ ಗಾಡಿಯ ಮೇಲಿರಲಿ ಅನ್ನುವುದು ಅತ್ತೆಯವರ ಆಸೆ. ಇವತ್ತು ಬೆಳಿಗ್ಗೆ ಕಾಫಿ ಕೊಡುತ್ತಾ ಅವರೇ, "ದಶಮೀನೂ ಕಳೀತಲ್ಲಮ್ಮ, ಇನ್ನು ತೊಳ್ಕೊ" ಅಂದರು. ಬಿಸಿಲು ನಮ್ಮ ಪಾರ್ಕಿಂಗ್ ಕಡೆಗೆ ತಿರುಗುವ ಮೊದಲೇ ಕೆಳಗಿಳಿದೆ.

ಒಣಗಿದ ಕುಂಕುಮದ ಮೇಲೆ ಬಟ್ಟೆ ಹಾಕಿ ಒರೆಸುವುದು ಬಣ್ಣಕ್ಕೆ ಒಳ್ಳೆಯದಲ್ಲ. ನಾಲ್ಕು ದಿನದ ರಸ್ತೆ ಧೂಳೂ ಅದರ ಜೊತೆ ಸೇರಿಕೊಂಡಿರುತ್ತದೆ. ಉಜ್ಜಿದಷ್ಟೂ ಗೀರು. ಅದಕ್ಕೇ ಒದ್ದೆ ಟವೆಲನ್ನು ಬಾನೆಟ್ ಮೇಲೆ ಹರಡಿ ಹತ್ತು ನಿಮಿಷ ಹಾಗೇ ಬಿಟ್ಟೆ. ಎತ್ತುವಾಗ ಅರ್ಧ ಕುಂಕುಮ ಟವೆಲಿಗೇ ಬಂತು, ಉಳಿದದ್ದು ಮೇಲಿಂದ ಮಗ್ಗಿನಲ್ಲಿ ನೀರು ಸುರಿದಾಗ ಹರಿದುಹೋಯಿತು. ನಂಬರ್ ಪ್ಲೇಟಿನ ಬಿಳಿ ಭಾಗದಲ್ಲಿ ಅರಿಶಿನದ ಕಲೆ ಸ್ವಲ್ಪ ಉಳಿದಿದೆ. ಅದಕ್ಕೆ ನಾನೇನೂ ಮಾಡುವುದಿಲ್ಲ, ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಟೇಪಿನ ಗೋಂದಿಗೆ ಕೊಬ್ಬರಿ ಎಣ್ಣೆ ಸವರಿ ಮೆತ್ತಗಾಗಲು ಬಿಟ್ಟು, ಬೆರಳ ತುದಿಯಿಂದ ಉರುಳಿಸಿ ತೆಗೆದೆ. ಇದಕ್ಕೆ ಥಿನ್ನರ್ ಹಾಕುವವರನ್ನು ನೋಡಿದ್ದೇನೆ. ಗೋಂದಿನ ಜೊತೆ ಬಣ್ಣದ ಹೊಳಪನ್ನೂ ಅದು ತಿಂದುಹಾಕುತ್ತದೆ. ಚಕ್ರದಡಿ ಇಟ್ಟ ನಿಂಬೆಹಣ್ಣಿನ ಹುಳಿ ಅಲಾಯ್ ಚಕ್ರಕ್ಕೆ ಸಿಡಿದಿರುತ್ತದೆ. ಅದನ್ನು ಮಾತ್ರ ಪೂಜೆಯ ದಿನವೇ ನೀರು ಹಾಕಿ ತೊಳೆದಿದ್ದೆ.

ನಮ್ಮದು ಕಡುನೀಲಿ ಕಾರು. ಬಿಳಿ ಕಾರಿನಲ್ಲಿ ಕಾಣದ್ದೆಲ್ಲ ಇದರಲ್ಲಿ ಕಾಣುತ್ತದೆ. ಮೊಬೈಲ್ ಟಾರ್ಚ್ ಹಿಡಿದರೆ ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಸುತ್ತುಸುತ್ತಾದ ಗೆರೆಗಳು. ನಿಜವಾಗಿ ಅವು ಸುತ್ತಿಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಮಿಂಚುವುದರಿಂದ ಕಣ್ಣಿಗೆ ವೃತ್ತದಂತೆ ತೋರುತ್ತದೆ. ಬಿಸಿಲು ಬಣ್ಣವನ್ನು ಮಂಕು ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನ ನೆರಳಲ್ಲೇ ನಿಲ್ಲುವ ಕಾರುಗಳೂ ಎರಡೇ ವರ್ಷದಲ್ಲಿ ಕಳೆಗುಂದುತ್ತವೆ. ಕಾರಣ, ದಿನಾ ಬೆಳಿಗ್ಗೆ ಬೀಳುವ ಬಟ್ಟೆ. ಒಂದು ಬಕೆಟ್, ಒಂದು ಬಟ್ಟೆ, ಸಾಲಾಗಿ ಹತ್ತಾರು ಕಾರು. ಮೊದಲ ಕಾರಿನ ಮರಳು ಕೊನೆಯ ಕಾರಿನವರೆಗೂ ಪ್ರಯಾಣ ಮಾಡುತ್ತದೆ.

ಈ ಹೊಳಪು ಎಷ್ಟು ತೆಳುವಾದದ್ದು ಅನ್ನುವುದು ತಿಳಿದರೆ ಯಾರೂ ಹಾಗೆ ಉಜ್ಜಲಾರರು. ಕಾರ್ಖಾನೆಯಲ್ಲಿ ಉಕ್ಕಿನ ಹಾಳೆಗೆ ಮೊದಲು ತುಕ್ಕು ತಡೆಯುವ ಪದರ, ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ಪದರ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ, ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ದಪ್ಪ 100 ಮೈಕ್ರಾನ್ ಆಸುಪಾಸು. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ನೀಲಿ ಬಣ್ಣಕ್ಕೆ ಬಿಸಿಲಿನ ಅತಿನೇರಳೆ ಕಿರಣ ತಾಗದಂತೆ ತಡೆಯುವ ರಾಸಾಯನಿಕ ಇರುವುದೂ ಈ ಪದರದಲ್ಲೇ. ಪಾಲಿಶ್ ಅನ್ನುವುದು ಗೀರನ್ನು ತುಂಬುವ ಕೆಲಸವಲ್ಲ, ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನೇ ಗೀರಿನ ಆಳಕ್ಕೆ ತೇಯುವ ಕೆಲಸ. ಪ್ರತಿ ಸಲ ಒಂದಿಷ್ಟು ಖರ್ಚಾಗುತ್ತದೆ, ಮತ್ತೆ ಹುಟ್ಟುವುದಿಲ್ಲ. ಪ್ರತಿ ಸರ್ವಿಸಿಗೂ "ರಬ್ಬಿಂಗ್-ಪಾಲಿಶ್ ಮಾಡಿಬಿಡ್ಲಾ ಮೇಡಂ" ಅಂದಾಗ ಬೇಡ ಅನ್ನುವುದು ನನಗೆ ರೂಢಿಯಾಗಿದೆ.

ತೊಳೆಯಲು ಎರಡು ಬಕೆಟ್ ಇಟ್ಟುಕೊಳ್ಳುತ್ತೇನೆ. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳೆದು, ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂ. ಮೇಲಿನ ಟಾಪ್‌ನಿಂದ ಶುರುಮಾಡಿ ಕೆಳಕ್ಕೆ. ಬಾಗಿಲುಗಳ ಕೆಳಭಾಗ, ಬಂಪರ್ ಕೊನೆಗೆ, ಹೆಚ್ಚು ಮರಳು ಇರುವುದು ಅಲ್ಲೇ. ಚಕ್ರಕ್ಕೆ ಬೇರೆಯದೇ ಬಟ್ಟೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಬಣ್ಣದ ಮೇಲಿನ ವ್ಯಾಕ್ಸ್ ಎಣ್ಣೆಜಿಡ್ಡಿನ ಜೊತೆಗೇ ಹೊರಟುಹೋಗುತ್ತದೆ. ಕೆಲಸ ಮುಗಿದ ಮೇಲೆ ನೀರಿನ ಬಕೆಟ್ಟನ್ನು ನಿಧಾನ ಬಗ್ಗಿಸಿ ತಳ ನೋಡಿ. ಕೂತಿರುವ ಆ ಕರಿಮರಳು ಇಷ್ಟೊತ್ತಿಗೆ ಬಾನೆಟ್ ಮೇಲೆ ಉಜ್ಜಾಡುತ್ತಿತ್ತು.

ಪೈಪ್ ಹಿಡಿದು ತೊಳೆಯುವ ಕಾಲ ಈ ಊರಿನಲ್ಲಿ ಮುಗಿಯಿತು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ನನಗೆ ಅದು ಸರಿಯಾದ ಆದೇಶ ಅನಿಸಿತು, ಈಗಲೂ ಅನಿಸುತ್ತದೆ. ಆದರೆ ಉಳಿದ ದಾರಿ ಬೋರ್‌ವೆಲ್ ನೀರು, ಅದರಲ್ಲಿರುವ ಸುಣ್ಣದ ಅಂಶವೇ ಬಣ್ಣಕ್ಕೆ ಶತ್ರು. ಹನಿ ಆರಿದ ಜಾಗದಲ್ಲಿ ಬಿಳಿ ಉಂಗುರ ಕೂರುತ್ತದೆ. ಹಲವರು ಆರ್‌ಒ ಫಿಲ್ಟರ್ ಹೊರಹಾಕುವ ನೀರನ್ನು ಕಾರಿಗೆ ಬಳಸುತ್ತಾರೆ. ಒಳ್ಳೆಯ ಯೋಚನೆಯೇ, ಆದರೆ ಆ ನೀರಿನಲ್ಲಿ ಲವಣ ಇನ್ನೂ ಹೆಚ್ಚು. ನಾನು ಅದನ್ನು ಚಕ್ರಕ್ಕೆ, ಮೊದಲು ಕೆಸರು ನೆನೆಸುವುದಕ್ಕೆ ಇಟ್ಟುಕೊಂಡು, ಕೊನೆಯ ಸಲ ಸುರಿಯುವುದಕ್ಕೆ ಟೆರೇಸಿನಿಂದ ಹಿಡಿದ ಮಳೆನೀರು ಬಳಸುತ್ತೇನೆ. ಮಳೆಗಾಲದಲ್ಲಿ ಎರಡು ಡ್ರಮ್ ತುಂಬಿಟ್ಟರೆ ಸಾಕಷ್ಟು ವಾರ ಬರುತ್ತದೆ. ಸುರಿದ ತಕ್ಷಣ ದಪ್ಪ ಟವೆಲನ್ನು ಉಜ್ಜದೆ, ಮೇಲೆ ಹಾಸಿ ಎಳೆಯುತ್ತೇನೆ. ಹಳೆಯ ಉಂಗುರಗಳಿಗೆ ವಿನೆಗರ್ ಮತ್ತು ನೀರು ಸಮಸಮ, ತಣ್ಣಗಿರುವ ಲೋಹದ ಮೇಲೆ, ಒಂದು ನಿಮಿಷ, ಮತ್ತೆ ಚೆನ್ನಾಗಿ ನೀರು. ಬೇಸ್‌ಮೆಂಟಿನ ಚಾವಣಿಯಿಂದ ತೊಟ್ಟಿಕ್ಕುವ ಸಿಮೆಂಟಿನ ನೀರು ಇದಕ್ಕಿಂತ ಕೆಟ್ಟದ್ದು. ಅದು ಕ್ಷಾರ, ಬಿದ್ದಲ್ಲಿ ಬಣ್ಣವನ್ನೇ ಕೊರೆಯುತ್ತದೆ. ಅಂಥ ಜಾಗ ನಿಮ್ಮ ಪಾಲಿಗೆ ಬಂದಿದ್ದರೆ ಸೋರಿಕೆ ಸರಿಮಾಡಿಸುವವರೆಗೆ ಅಸೋಸಿಯೇಷನ್ನಿನವರನ್ನು ಬಿಡಬೇಡಿ.

ಪಾರಿವಾಳದ ಹಿಕ್ಕೆಗೂ ಒಂದು ಮಾತು. ಅದರಲ್ಲಿರುವ ಯೂರಿಕ್ ಆಮ್ಲ ಬಿಸಿಲು ಕಾಯ್ದ ಬಾನೆಟ್ ಮೇಲೆ ಕೆಲವೇ ಗಂಟೆಗಳಲ್ಲಿ ಗುಳಿ ಬೀಳಿಸಬಲ್ಲದು. ನೀರಿನ ಸ್ಪ್ರೇ ಬಾಟಲಿ, ಒಂದು ಮೆತ್ತನೆ ಬಟ್ಟೆ ಡಿಕ್ಕಿಯಲ್ಲಿ ಸದಾ ಇರಲಿ.

ತೊಳೆದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿದೆ. ಬರಿಗೈಗೆ ನುಣುಪಾಗಿ ತೋರಿದ್ದು ಕವರಿನೊಳಗಿಂದ ಗರಗರ ಅನಿಸಿತು. ಬ್ರೇಕಿನ ಕಬ್ಬಿಣದ ಪುಡಿ, ಮರದ ಅಂಟು ಎಲ್ಲ ಬಣ್ಣಕ್ಕೆ ಕಚ್ಚಿಕೊಂಡಿರುತ್ತದೆ, ಶಾಂಪೂವಿಗೆ ಬಿಡುವುದಿಲ್ಲ. ಅದಕ್ಕೆ ಕ್ಲೇ ಬಾರ್, ಅಂದರೆ ಕಚ್ಚಿಕೊಂಡ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಮಣ್ಣಿನಂಥ ಮೆತ್ತನೆ ಉಂಡೆ. ಶಾಂಪೂ ನೀರು ಧಾರಾಳವಾಗಿ ಚಿಮುಕಿಸುತ್ತಾ, ಒತ್ತದೆ, ಅತ್ತಿತ್ತ ಜಾರಿಸಿದೆ. ಮೊದಮೊದಲು ಕರಕರ ಸದ್ದು ಬರುತ್ತದೆ. ಸದ್ದು ನಿಂತಾಗ ಆ ಜಾಗ ಮುಗಿದಂತೆ. ಕ್ಲೇ ಕೈಜಾರಿ ನೆಲಕ್ಕೆ ಬಿದ್ದರೆ ಎಷ್ಟೇ ದುಬಾರಿಯದ್ದಾದರೂ ಎಸೆಯಬೇಕು.

ಇವತ್ತು ಪಾಲಿಶ್ ಮಾಡಿದ್ದು ಬಾನೆಟ್ ಒಂದನ್ನೇ. ಉಗುರಿನಿಂದ ಗೀರನ್ನು ಅಡ್ಡ ಸವರಿ ನೋಡಿದೆ. ಉಗುರು ಸಿಕ್ಕಿಕೊಂಡರೆ ಗೀರು ಆಳಕ್ಕೆ ಇಳಿದಿದೆ, ಅದನ್ನು ತೇಯಲು ಹೋಗಬಾರದು. ಇಲ್ಲಿ ಸಿಕ್ಕಲಿಲ್ಲ. ಅಂಚುಗಳಲ್ಲಿ ಬಣ್ಣ ಇನ್ನೂ ತೆಳುವಾಗಿರುವುದರಿಂದ ಅಲ್ಲೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿದೆ. ಮೊದಲು ಒಂದು ಅಡಿಯಷ್ಟು ಜಾಗದಲ್ಲಿ ಅತಿ ನಯವಾದ ಪಾಲಿಶ್, ಮೆತ್ತನೆ ಫೋಮ್ ಪ್ಯಾಡ್. ಯಂತ್ರ ಡ್ಯುಯಲ್ ಆಕ್ಷನ್ನಿನದು. ಪ್ಯಾಡ್ ತಿರುಗುತ್ತಲೇ ಜಾಗ ಬದಲಿಸುತ್ತಾ ಓಲಾಡುವುದರಿಂದ ಬಿಸಿ ಒಂದೇ ಕಡೆ ನಿಲ್ಲುವುದಿಲ್ಲ. ಓಲಾಡದೆ ಬರೀ ಗಿರಗಿರ ತಿರುಗುವ ಗ್ಯಾರೇಜಿನ ರೋಟರಿ ಯಂತ್ರ ಪಳಗಿದ ಕೈಗೆ ಮಾತ್ರ ಸರಿ. ಅಡ್ಡ ಒಂದು ಸಾಲು, ಉದ್ದ ಒಂದು ಸಾಲು, ನಿಧಾನವಾಗಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿದೆ. ಪಾಲಿಶ್‌ನಲ್ಲಿರುವ ಎಣ್ಣೆ ಗೀರುಗಳಲ್ಲಿ ತುಂಬಿಕೊಂಡು ಕಣ್ಣಿಗೆ ಮಣ್ಣೆರಚುತ್ತದೆ, ಅದು ಹೋದ ಮೇಲೆ ಕಾಣುವುದೇ ನಿಜ. ಟಾರ್ಚ್ ಹಿಡಿದೆ. ಬಲೆ ಹೋಗಿತ್ತು. ಒಂದೆರಡು ಉದ್ದ ಗೀರು ಉಳಿದಿದ್ದವು. ಅವನ್ನು ಹಾಗೇ ಬಿಟ್ಟೆ, ಅವಕ್ಕಾಗಿ ಇನ್ನಷ್ಟು ಕ್ಲಿಯರ್ ಕೋಟ್ ಖರ್ಚು ಮಾಡುವ ಅಗತ್ಯ ಕಾಣಲಿಲ್ಲ. ಗೀರಿಲ್ಲದ ನೀಲಿ ಎಷ್ಟು ಆಳವಾಗಿರುತ್ತದೆ! ಮೇಲಿನ ಹೊಂಗೆಮರದ ಎಲೆ ಎಲೆಯೂ ಬಾನೆಟ್‌ನಲ್ಲಿ ಬಿಡಿಬಿಡಿಯಾಗಿ ಕಾಣುತ್ತಿತ್ತು.

ವ್ಯಾಕ್ಸ್ ಹಚ್ಚುವಷ್ಟರಲ್ಲಿ ಎರಡನೇ ಮಹಡಿಯ ಮೇಷ್ಟ್ರು ಬಂದರು. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತಲ್ಲ, ಅದಕ್ಕೇ ಕಾದಿದ್ದು ಹಬ್ಬಕ್ಕೆ ಹೊಸ ಗಾಡಿ ತಂದಿದ್ದಾರೆ.

"ಏನಮ್ಮ, ಶೋರೂಮ್‌ನೋರು ಸೆರಾಮಿಕ್ ಕೋಟಿಂಗ್ ಮಾಡಿಸಿ, 9ಎಚ್ ಗಟ್ಟಿ, ಕಲ್ಲು ಬಿದ್ರೂ ಏನಾಗಲ್ಲ ಅಂತಾರೆ. ಮಾಡಿಸ್ಲಾ?"

"9ಎಚ್ ಅನ್ನೋದು ಪೆನ್ಸಿಲ್ ಗಟ್ಟಿತನದ ಲೆಕ್ಕ ಸರ್, ಆ ಪೆನ್ಸಿಲ್ಲಲ್ಲಿ ಗೀಚಿದ್ರೆ ಗೀರು ಬೀಳಲ್ಲ ಅಂತ ಅಷ್ಟೇ. ಕಲ್ಲು ತಡೆಯಲ್ಲ. ನೀರು ಜಾರುತ್ತೆ, ಕೊಳೆ ಬೇಗ ಬಿಡುತ್ತೆ, ಅಷ್ಟು ಮಟ್ಟಿಗೆ ಒಳ್ಳೇದೇ. ಕಲ್ಲು ತಡೀಬೇಕು ಅಂದ್ರೆ ಪಿಪಿಎಫ್ ಹಾಕಿಸ್ಬೇಕು, ಅದು ಪಾಲಿಯುರೆಥೇನ್ ಫಿಲ್ಮು, ಬೆಲೆ ಜಾಸ್ತಿ. ಯಾವುದನ್ನ ಮಾಡಿಸಿದ್ರೂ ದಿನಾ ಒಣ ಬಟ್ಟೆ ಹಾಕಿ ಉಜ್ಜಿದ್ರೆ ದುಡ್ಡು ದಂಡ."

ನಾನು ಹಚ್ಚುತ್ತಿದ್ದುದು ಕಾರ್ನಾಬಾ ವ್ಯಾಕ್ಸ್, ಬ್ರೆಜಿಲ್‌ನ ಒಂದು ತಾಳೆಜಾತಿಯ ಮರದ ಎಲೆಯಿಂದ ಬರುವ ಮೇಣ. ಕೈಯಲ್ಲಿ ತೆಳ್ಳಗೆ ಸವರಿ, ಮಂಜು ಕಟ್ಟಿದಂತಾದ ಮೇಲೆ ಮೆತ್ತಗೆ ಒರೆಸಿದರಾಯಿತು. ನಮ್ಮ ಬಿಸಿಲಿಗೆ ಒಂದೆರಡು ತಿಂಗಳು ನಿಲ್ಲುತ್ತದೆ. ಸಿಂಥೆಟಿಕ್ ಸೀಲಂಟ್ ಹೆಚ್ಚು ದಿನ ಬರುತ್ತದೆ ನಿಜ. ಆದರೂ ಕಡುಬಣ್ಣದ ಮೇಲೆ ಈ ಮೇಣ ಕೊಡುವ ತುಂಬು ಕಳೆ ನನಗೆ ಇಷ್ಟ. ಕೊಳ್ಳುವಾಗ ಡಬ್ಬಿಯ ಹಿಂದೆ ಓದಬೇಕು. ಕೆಲವದರಲ್ಲಿ ತೇಯುವ ಪುಡಿಯೂ ಬೆರೆತಿರುತ್ತದೆ, ಅಂಥವನ್ನು ತಿಂಗಳು ತಿಂಗಳು ಹಚ್ಚಬಾರದು.

ನಮ್ಮ ಕಾರು ಒರೆಸುವ ಹುಡುಗನ ಜೊತೆ ಸಂಜೆ ಮಾತಾಡಿದೆ. "ಅಕ್ಕ, ಕೆಲಸ ಬೇಡ ಅಂತೀರಾ?" ಎಂದು ಅವನ ಮುಖ ಸಣ್ಣದಾಯಿತು. ಹಾಗಲ್ಲ ಮಾರಾಯ, ಸಂಬಳ ಅಷ್ಟೇ ಇರುತ್ತೆ ಅಂದೆ. ದಿನಾ ಗಾಜು, ಕನ್ನಡಿ, ಚಕ್ರ, ಒಳಗಿನ ಮ್ಯಾಟ್ ಅವನದು. ಬಣ್ಣ ಮುಟ್ಟುವುದು ವಾರಕ್ಕೊಮ್ಮೆ, ಎರಡು ಬಕೆಟ್ ಇಟ್ಟುಕೊಂಡು. ಮೈಕ್ರೋಫೈಬರ್ ಬಟ್ಟೆ ನಾನೇ ಕೊಡುತ್ತೇನೆ, ಒಗೆಯುವುದೂ ನಾನೇ. ಅವಕ್ಕೆ ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಎಳೆಗಳು ಮುಚ್ಚಿಹೋಗಿ ನೀರು ಹೀರುವುದಿಲ್ಲ, ಹತ್ತಿಬಟ್ಟೆಯ ಜೊತೆ ಒಗೆದರೆ ನೂಲು ಮೆತ್ತಿಕೊಳ್ಳುತ್ತದೆ. ಮೇಷ್ಟ್ರೂ ತಮ್ಮ ಹೊಸ ಗಾಡಿಗೆ ಹೀಗೇ ಮಾಡಲಿ ಎಂದು ಅವನಿಗೆ ಹೇಳಿದ್ದಾರೆ. ನಾಳೆ ಬೆಳಿಗ್ಗೆ ಆರಕ್ಕೆ ಅವನು ಬಂದಾಗ ಎರಡನೇ ಬಕೆಟ್ ಕೊಟ್ಟು ಒಂದು ಬಾಗಿಲನ್ನು ಜೊತೆಯಲ್ಲೇ ತೊಳೆದು ತೋರಿಸಬೇಕು.